ರೈತರ ಕಂಪನಿ: ಅನುದಾನ ನಿಂತ ಮೇಲೆ

ಪ್ರಶ್ನೆ: ನಮ್ಮ ರೈತ ಉತ್ಪಾದಕರ ಕಂಪನಿಯಲ್ಲಿ 420 ಸದಸ್ಯರಿದ್ದೇವೆ, ತಲಾ 1,000 ರೂ. ಷೇರು. ಕೇಂದ್ರದ ಯೋಜನೆಯಿಂದ ಮೂರು ವರ್ಷ ಬಂದ ನಿರ್ವಹಣಾ ವೆಚ್ಚ ಮಾರ್ಚ್‌ಗೆ ಮುಗಿಯುತ್ತದೆ. ಬೀಜ, ಗೊಬ್ಬರದ ಅಂಗಡಿಯ ಜತೆಗೆ ಗೋವಿನಜೋಳ ಖರೀದಿಸಿ ಕೋಳಿ ಆಹಾರದ ಗಿರಣಿಗೆ ಕೊಡುವ ಯೋಚನೆಯಿದೆ. ಕಂಪನಿ ಉಳಿದೀತೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಉಳಿಯಬಹುದು. ಆದರೆ ಖರೀದಿ ಆರಂಭಿಸುವ ಮೊದಲೇ ಲೆಕ್ಕ ಹಾಕಿಕೊಳ್ಳಿ. ಸಿಇಒ (ಮುಖ್ಯ ಕಾರ್ಯನಿರ್ವಾಹಕ) ಮತ್ತು ಲೆಕ್ಕಿಗರ ಸಂಬಳ, ಬಾಡಿಗೆ, ಆಡಿಟ್ ಎಲ್ಲ ಸೇರಿ ತಿಂಗಳಿಗೆ 50,000 ರೂ. ಆಗುತ್ತದೆ ಎಂದಿಟ್ಟುಕೊಳ್ಳಿ, ವರ್ಷಕ್ಕೆ 6 ಲಕ್ಷ. ಹಮಾಲಿ, ಸಾಗಣೆ ಕಳೆದು ಕ್ವಿಂಟಲ್‌ಗೆ 40 ರೂ. ಉಳಿದರೂ 15,000 ಕ್ವಿಂಟಲ್, ಅಂದರೆ 200 ಕ್ವಿಂಟಲ್‌ನ 75 ಲಾರಿ ಮಾರಬೇಕು. ಮೊದಲ ವರ್ಷವೇ ಅಷ್ಟು ಮಾಲು ನಿಮ್ಮ ಕಡೆ ಬರುವುದಿಲ್ಲ. ಹಾಗಾಗಿ ಅಂಗಡಿಯನ್ನು ಬಿಡಬೇಡಿ, ಖರ್ಚನ್ನು ಈಗಲೇ ಇಳಿಸಿ.

ನಿಜವಾದ ಇಕ್ಕಟ್ಟು ದುಡಿಯುವ ಬಂಡವಾಳದ್ದು, ಅಂದರೆ ದಿನದ ವ್ಯವಹಾರಕ್ಕೆ ಕೈಯಲ್ಲಿರಬೇಕಾದ ಹಣದ್ದು. ಕ್ವಿಂಟಲ್‌ಗೆ 2,000 ರೂ. ಹಿಡಿದರೆ ಒಂದು ಲಾರಿಗೆ 4 ಲಕ್ಷ. ರೈತನಿಗೆ ತೂಕವಾದ ದಿನವೇ ಹಣ ಬೇಕು, ಗಿರಣಿ ಕೊಡುವುದು 20 ದಿನಕ್ಕೆ ಎನ್ನೋಣ. ವಾರಕ್ಕೆ ಎರಡು ಲಾರಿ ಕಳಿಸಿದರೆ ಸುಮಾರು 24 ಲಕ್ಷ ಹೊರಗೇ ನಿಲ್ಲುತ್ತದೆ. ನಿಮ್ಮ ಷೇರು 4.2 ಲಕ್ಷ, ಯೋಜನೆಯ ಸಮಾನ ಷೇರು ಅನುದಾನ (ಸದಸ್ಯರ ಷೇರಿನಷ್ಟೇ ಯೋಜನೆ ಸೇರಿಸುವ ಹಣ) ಬಂದಿದ್ದರೆ ಇನ್ನೂ ಅಷ್ಟೇ. ಎರಡೇ ಲಾರಿಗೆ ಕೈ ಖಾಲಿ! ತೂಕದ ದಿನ ಶೇ. 75 ಕೊಟ್ಟು, ಉಳಿದದ್ದನ್ನು ಗಿರಣಿಯ ಹಣ ಬಂದ ಮೇಲೆ ಕೊಡುವುದಾಗಿ ಸದಸ್ಯರ ಜತೆ ಬರಹದಲ್ಲಿ ಒಪ್ಪಿಕೊಳ್ಳಿ. ಹಾಗೆ ಮಾಡಿದರೂ 18 ಲಕ್ಷ ಬೇಕು. ಆದ್ದರಿಂದ ಮೊದಲ ಹಂಗಾಮಿಗೆ ಎರಡು ವಾರಕ್ಕೊಂದು ಲಾರಿ ಸಾಕು. ಅಂಗಡಿಯ ಉದ್ರಿಗೂ ಮಿತಿ ಹಾಕಿ, ಈ ಬಂಡವಾಳವನ್ನು ಮೊದಲು ನುಂಗುವುದು ಅದೇ.

ಇನ್ನು ಹಸಿ ಮಾಲು. ಶೇ. 18 ತೇವಾಂಶದ 100 ಕೆ.ಜಿ. ಕಾಳು ಶೇ. 14ಕ್ಕೆ ಒಣಗಿದಾಗ ಸುಮಾರು 95.3 ಕೆ.ಜಿ. ಉಳಿಯುತ್ತದೆ. ಕಳೆದುಹೋದ 4.7 ಕೆ.ಜಿ.ಗೆ ಬೆಲೆ 93 ರೂ. ಅಲ್ಲಿಗೆ ನಿಮ್ಮ 40 ರೂ. ಲಾಭ ಹೋಗಿ, ಮೇಲೆ 53 ರೂ. ನಷ್ಟ. ತೇವಾಂಶ ಮಾಪಕ ಇಲ್ಲದೆ ಒಂದು ಚೀಲವನ್ನೂ ತೂಗಬೇಡಿ. ತೇವಾಂಶಕ್ಕೆ ತಕ್ಕ ದರದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ನಿರ್ದೇಶಕರ ಮಾಲಿಗೂ ಅದೇ ಪಟ್ಟಿ.

ಪ್ರಶ್ನೆ: ನಮ್ಮ ಕಂಪನಿಯ ಇಬ್ಬರು ನಿರ್ದೇಶಕರು ಸ್ವತಃ ಕಾಳು ವ್ಯಾಪಾರಿಗಳು. ಅಧ್ಯಕ್ಷರೊಬ್ಬರೇ ಚೆಕ್‌ಗೆ ಸಹಿ ಹಾಕುತ್ತಾರೆ. ಕೇಳುವುದು ಹೇಗೆ?
— ಸದಸ್ಯರೊಬ್ಬರು, ಗದಗ ಜಿಲ್ಲೆ

ಉತ್ತರ: ಎಷ್ಟೇ ಷೇರು ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಕೇಳುವ ಬಲ ನಿಮಗಿದೆ ಎಂಬುದಕ್ಕೆ ಇಷ್ಟು ಸಾಕು. ಕಂಪನಿ ಕಾಯ್ದೆಯ ಪ್ರಕಾರ ನಿರ್ದೇಶಕರು 5ರಿಂದ 15 ಮಂದಿ ಇರಬೇಕು, ಅವರ ಅವಧಿ 1ರಿಂದ 5 ವರ್ಷ. ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮಹಾಸಭೆಗೆ 14 ದಿನ ಮೊದಲು ನೋಟಿಸ್ ಬರಬೇಕು. ಕಾಲು ಭಾಗ ಸದಸ್ಯರಿಲ್ಲದೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಇಲ್ಲ. ನೋಟಿಸ್ ಜತೆ ಬರುವ ಲೆಕ್ಕಪತ್ರ ಓದಿಕೊಂಡೇ ಹೋಗಿ, ನಿಮ್ಮ ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆಸಿ.

ವ್ಯಾಪಾರಿ ನಿರ್ದೇಶಕನಾಗಿರುವುದೇ ತಪ್ಪಲ್ಲ. ಕಂಪನಿಯ ಖರೀದಿ ದರ ನಾಳೆ ಎಷ್ಟು ಎಂದು ಇವತ್ತೇ ತಿಳಿದವನು ತನ್ನ ಅಂಗಡಿಗೆ ಐದು ರೂ. ಹೆಚ್ಚಿಟ್ಟು ಒಳ್ಳೆ ಮಾಲು ಎಳೆದುಕೊಳ್ಳುತ್ತಾನೆ, ಹಾಳು ಮಾಲು ಕಂಪನಿಗೆ ಬೀಳುತ್ತದೆ. ಅಲ್ಲೇ ಅಪಾಯ. ಆ ಇಬ್ಬರ ವ್ಯಾಪಾರದ ವಿವರ ಬರಹದಲ್ಲಿ ಪಡೆಯಿರಿ, ದರ ನಿಗದಿ ಸಮಿತಿಯಿಂದ ಅವರನ್ನು ಹೊರಗಿಡಲು ನಿರ್ಣಯ ಮಾಡಿಸಿ. ಚೆಕ್‌ಗೆ ಎರಡು ಸಹಿ ಕಡ್ಡಾಯವಾಗಲಿ: ಸಿಇಒ ಮತ್ತು ಒಬ್ಬ ನಿರ್ದೇಶಕ. ನಿರ್ದೇಶಕರಿಗೆ ಅಥವಾ ಅವರ ಸಂಬಂಧಿಕರಿಗೆ ಸಾಲ ಕೊಡಲು ಮಹಾಸಭೆಯ ಒಪ್ಪಿಗೆ ಬೇಕೇ ಬೇಕು. ಕಂಪನಿಯಿಂದ ಪಡೆದ ಸಾಲ ತೀರಿಸದ ನಿರ್ದೇಶಕ ಸ್ಥಾನ ಕಳೆದುಕೊಳ್ಳುತ್ತಾನೆ.

ಪ್ರಶ್ನೆ: ಸದಸ್ಯರಲ್ಲೇ ಒಬ್ಬರನ್ನು ಸಿಇಒ ಮಾಡಬಹುದೇ?
— ಓದುಗರು, ವಿಜಯಪುರ

ಉತ್ತರ: ಇಲ್ಲ. ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕ ಸದಸ್ಯರಲ್ಲದವರೇ ಆಗಿರಬೇಕು. ಸದಸ್ಯರ ಮಗ ಆಗಬಹುದೇ ಎಂದರೆ, ಆತ ಸ್ವತಃ ಸದಸ್ಯನಲ್ಲದಿದ್ದರೆ ಆಗಬಹುದು. ಆದರೂ ಹುದ್ದೆಗೆ ಅರ್ಜಿ ಕರೆದು, ಲೆಕ್ಕ ಬರೆಯಲು, ಗಿರಣಿಯವರ ಜತೆ ದರ ಮಾತಾಡಲು ಬರುತ್ತದೆಯೇ ಎಂದು ಪರೀಕ್ಷಿಸಿಯೇ ತೆಗೆದುಕೊಳ್ಳಿ.