ಸರಗಳ್ಳತನದ ಕಿರುಪ್ರಬಂಧ: ಲೇಖಕರಿಗೆ ಸಂಪಾದಕರ ಉತ್ತರ

ಆತ್ಮೀಯರೇ,

ನಮಸ್ಕಾರ. ‘ನಗರಗಳಲ್ಲಿ ಸರಗಳ್ಳತನ: ಕಾರಣ, ಪರಿಣಾಮ, ಪರಿಹಾರ’ ಎಂಬ ನಿಮ್ಮ ಲೇಖನವನ್ನೂ ಅದಕ್ಕೆ ಮೂಲವಾದ ಬಿಎ ಕೊನೆಯ ವರ್ಷದ ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಡಿಸರ್ಟೇಶನ್ (ಕಿರುಪ್ರಬಂಧ) ಕರಡನ್ನೂ ಪೂರ್ತಿ ಓದಿದೆವು. ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಕಾಲೇಜಿಗೆ ಒಪ್ಪಿಸಲು ಇನ್ನೂ ನಾಲ್ಕು ತಿಂಗಳಿದೆ ಎಂದು ತಿಳಿಸಿದ್ದೀರಿ. ಹಾಗಾಗಿ ತಿದ್ದಬೇಕಾದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ. ಡಿಸರ್ಟೇಶನ್ ಗಟ್ಟಿಯಾದರೆ ಅದರಿಂದ ಒಳ್ಳೆಯ ಲೇಖನ ತೆಗೆಯುವುದು ಕಷ್ಟವಲ್ಲ.

ಶೀರ್ಷಿಕೆಯಿಂದಲೇ ಶುರುಮಾಡೋಣ. ಕಾರಣ ಹುಡುಕುವುದು ಒಂದು ಅಧ್ಯಯನ, ಪರಿಣಾಮ ಇನ್ನೊಂದು, ಪರಿಹಾರ ಮತ್ತೊಂದು. ಮೂರನ್ನೂ ಹತ್ತು ಸಾವಿರ ಪದಗಳಲ್ಲಿ ಹಿಡಿಯಲು ಹೋದದ್ದರಿಂದ ಪ್ರತಿ ಅಧ್ಯಾಯವೂ ಎಲ್ಲರಿಗೂ ಗೊತ್ತಿರುವ ಮಾತಿಗೇ ಬಂದು ನಿಂತಿದೆ. ‘ನೈತಿಕ ಮೌಲ್ಯಗಳ ಕುಸಿತದಿಂದ ಇತ್ತೀಚಿನ ದಿನಗಳಲ್ಲಿ ಅಪರಾಧಗಳು ಹೆಚ್ಚುತ್ತಿವೆ’ ಎಂಬ ವಾಕ್ಯ ನಿಮ್ಮ ಕರಡಿನಲ್ಲಿ ಬೇರೆ ಬೇರೆ ರೂಪದಲ್ಲಿ ಐದು ಕಡೆ ಬಂದಿದೆ. ಮೌಲ್ಯ ಕುಸಿದದ್ದನ್ನು ಯಾರು, ಹೇಗೆ ಅಳೆದರು? ಇತ್ತೀಚಿನ ದಿನ ಅಂದರೆ ಯಾವಾಗಿನಿಂದ? ಹೆಚ್ಚಿದ್ದು ಯಾವ ದಾಖಲೆಯಲ್ಲಿ? ಪರೀಕ್ಷಕರು ಕೇಳುವುದು ಇದನ್ನೇ. ಉತ್ತಮ ಡಿಸರ್ಟೇಶನ್‌ನಲ್ಲಿ ಪ್ರತಿ ಹೇಳಿಕೆಯ ಹಿಂದೆಯೂ ‘ಇದು ನನಗೆ ಹೀಗೆ ಗೊತ್ತಾಯಿತು’ ಎಂಬ ದಾರಿ ಕಾಣಬೇಕು. ನಿಮ್ಮ ಕರಡಿನಲ್ಲಿ ಇಲ್ಲದ್ದು ಆ ದಾರಿ.

ಅಂಕಿ ಅಂಶಗಳ ಅಧ್ಯಾಯದಲ್ಲಿ ಇದು ಎದ್ದು ಕಾಣುತ್ತದೆ. 2019ರಿಂದ 2025ರವರೆಗಿನ ಪ್ರಕರಣಗಳನ್ನು ಒಂದೇ ಕಂಬನಕ್ಷೆಯಲ್ಲಿ ಸಾಲಾಗಿಟ್ಟು, ಕೊನೆಯ ಕಂಬ ಎತ್ತರವಾಗಿದೆ ಎಂದು ‘ಸರಗಳ್ಳತನ ಗಣನೀಯವಾಗಿ ಏರಿದೆ’ ಎಂದು ತೀರ್ಮಾನಿಸಿದ್ದೀರಿ. 2024ರ ಜುಲೈ 1ರಂದು ಐಪಿಸಿಯ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದರ 304ನೇ ಕಲಂ ಕಿತ್ತುಕೊಂಡು ಹೋಗುವುದನ್ನು ಪ್ರತ್ಯೇಕ ಅಪರಾಧವೆಂದು ಹೆಸರಿಸಿದೆ. ಮೂಲ ಐಪಿಸಿಯಲ್ಲಿ ಅಂಥ ಕಲಂ ಇರಲಿಲ್ಲ. ಅದೇ ಘಟನೆ ಒಂದು ಕಡೆ 379ರಡಿ ಕಳವು, ಇನ್ನೊಂದು ಕಡೆ 356ರಡಿ ಮೈಮೇಲಿನ ವಸ್ತು ಕದಿಯಲು ನಡೆಸಿದ ಬಲಪ್ರಯೋಗ, ಮತ್ತೊಂದು ಕಡೆ 392ರಡಿ ಸುಲಿಗೆ ಎಂದು ದಾಖಲಾಗಲು ಅವಕಾಶವಿತ್ತು. ಅಂದರೆ ನಿಮ್ಮ ಕೊನೆಯ ಕಂಬ ಎತ್ತರವಾದದ್ದಕ್ಕೆ ಬೀದಿಯಲ್ಲಿ ಕಳ್ಳರು ಹೆಚ್ಚಿದ್ದೇ ಕಾರಣವಾಗಿರಬೇಕಿಲ್ಲ, ಎಣಿಸುವ ಡಬ್ಬಿ ಬದಲಾದದ್ದೂ ಆಗಿರಬಹುದು. ಜುಲೈ 2024ರ ಹಿಂದಿನದಕ್ಕೂ ಮುಂದಿನದಕ್ಕೂ ಬೇರೆ ಬೇರೆ ಕೋಷ್ಟಕ ಮಾಡಿ, ಎರಡರ ನಡುವೆ ಗೆರೆ ಎಳೆದು, ಏಕೆ ಹೋಲಿಸಬಾರದು ಎಂದು ಒಂದು ಪ್ಯಾರಾ ಬರೆಯಿರಿ. ಇಡೀ ಅಧ್ಯಾಯಕ್ಕಿಂತ ಆ ಪ್ಯಾರಾಗೆ ಹೆಚ್ಚು ಬೆಲೆ ಬರುತ್ತದೆ.

ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ) ಅಂಕಿಗಳನ್ನು ಬಳಸುವಾಗ ಇನ್ನೆರಡು ವಿಷಯ ನೆನಪಿರಲಿ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಅಲ್ಲಿ ಎಣಿಸುತ್ತಾರೆ. ಸರ ಕೀಳುವಾಗ ಕೊಲೆಯಾದರೆ ಆ ಪ್ರಕರಣ ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಅಲ್ಲದೆ ಅಪರಾಧ ಹೆಚ್ಚುವುದೂ ದಾಖಲಾತಿ ಹೆಚ್ಚುವುದೂ ಬೇರೆ ಬೇರೆ ಎಂದು ಆ ಸಂಸ್ಥೆಯೇ ತನ್ನ ವರದಿಗಳಲ್ಲಿ ಎಚ್ಚರಿಸುತ್ತದೆ. ಕರ್ನಾಟಕದ ಸೈಬರ್ ಅಪರಾಧ ಪ್ರಕರಣಗಳನ್ನೇ ನೋಡಿ: 2021ರಲ್ಲಿ 8,136, 2022ರಲ್ಲಿ 12,556, 2023ರಲ್ಲಿ 21,889. ಇದರಲ್ಲಿ ವಂಚಕರ ಪಾಲೆಷ್ಟು, ದೂರು ಕೊಡುವ ದಾರಿ ಸುಲಭವಾದದ್ದರ ಪಾಲೆಷ್ಟು ಎಂಬುದನ್ನು ಅಂಕಿ ತಾನಾಗಿ ಹೇಳುವುದಿಲ್ಲ.

ಈಗ ಪ್ರಶ್ನಾವಳಿ. ನೂರು ಜನರಿಗೆ ಗೂಗಲ್ ಫಾರ್ಮ್ ಕಳಿಸಿದ್ದೀರಿ, ಬಹುಪಾಲು ಸಹಪಾಠಿಗಳು. ಏಳನೇ ಪ್ರಶ್ನೆ: ‘ನಿರುದ್ಯೋಗದಿಂದ ಸರಗಳ್ಳತನ ಹೆಚ್ಚುತ್ತದೆ ಎಂಬುದನ್ನು ಒಪ್ಪುತ್ತೀರಾ?’ ಹೆಚ್ಚಿನವರು ಹೌದು ಎಂದದ್ದರಿಂದ ನಿರುದ್ಯೋಗವೇ ಮುಖ್ಯ ಕಾರಣ ಎಂದು ಬರೆದಿದ್ದೀರಿ. ಆ ಉತ್ತರದಿಂದ ತಿಳಿಯುವುದು ವಿದ್ಯಾರ್ಥಿಗಳ ಅಭಿಪ್ರಾಯ ಮಾತ್ರ. ಕಳ್ಳರ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ರಶ್ನೆಯೊಳಗೇ ಉತ್ತರವನ್ನೂ ಇಟ್ಟಿದ್ದೀರಿ. ನೂರು ಜನರನ್ನು ಸರಿಯಾದ ಯಾದೃಚ್ಛಿಕ (ಚೀಟಿ ಎತ್ತಿದಂತೆ ಆರಿಸುವ) ವಿಧಾನದಲ್ಲಿ ಆರಿಸಿದ್ದರೂ ಫಲಿತಾಂಶ ಹೆಚ್ಚುಕಡಿಮೆ ಹತ್ತು ಶೇಕಡಾ ಅಂಶ ಆಚೀಚೆ ಆಗಬಹುದು. ಪರಿಚಯದವರನ್ನೇ ಆರಿಸಿದಾಗ ಆ ಲೆಕ್ಕವನ್ನೂ ಹೇಳುವಂತಿಲ್ಲ. ಆ ಹದಿನೆಂಟು ಪೈ ಚಾರ್ಟ್‌ಗಳನ್ನು ತೆಗೆದುಬಿಡಿ.

ಅಭಿಪ್ರಾಯ ಬಿಟ್ಟು ನಡೆದದ್ದನ್ನು ಕೇಳಿ. ‘ನಿಮ್ಮ ಮನೆಯಲ್ಲಿ ಯಾರದಾದರೂ ಸರ ಕಿತ್ತುಕೊಂಡು ಹೋದದ್ದುಂಟೇ? ಯಾವಾಗ? ಠಾಣೆಗೆ ಹೋದಿರಾ? ಅಲ್ಲಿ ಏನು ಬರೆದುಕೊಂಡರು? ಕೈಗೆ ಎಫ್‌ಐಆರ್ ಪ್ರತಿ ಬಂತೇ?’ ‘ಕಳೆದ 12 ತಿಂಗಳಲ್ಲಿ’ ಎಂದು ಕೇಳಿದರೆ ಜನ ಎರಡು ವರ್ಷದ ಹಿಂದಿನದನ್ನೂ ಅದರೊಳಗೆ ಸೇರಿಸುತ್ತಾರೆ, ಏಕೆಂದರೆ ಮನಸ್ಸಿಗೆ ನಾಟಿದ ಘಟನೆ ಹತ್ತಿರದ್ದೆಂದು ತೋರುತ್ತದೆ. ‘ಹೋದ ದೀಪಾವಳಿಯಿಂದ ಈಚೆಗೆ’ ಎಂದು ಕೇಳಿದರೆ ಈ ತಪ್ಪು ಬಹಳ ಕಡಿಮೆಯಾಗುತ್ತದೆ. ಮೊದಲು ಐದಾರು ಜನರ ಮೇಲೆ ಪ್ರಯೋಗಿಸಿ, ಅವರು ತಡವರಿಸಿದ ಪ್ರಶ್ನೆಗಳನ್ನು ಬದಲಿಸಿ, ಬದಲಿಸಿದ್ದನ್ನು ವಿಧಾನದ ಅಧ್ಯಾಯದಲ್ಲಿ ಹೇಳಿ.

ಇನ್ನು ಪುಟ 31. ಅಡಿಟಿಪ್ಪಣಿಯಲ್ಲಿ ಒಬ್ಬ ಹಿರಿಯ ಮಹಿಳೆಯ ಮಾತನ್ನು ಎರಡು ಸಾಲಿನಲ್ಲಿ ಹಾಕಿದ್ದೀರಿ: ಠಾಣೆಯಲ್ಲಿ ಸರದ ರಸೀದಿ ತನ್ನಿ ಎಂದರು, ಅತ್ತೆ ಹಾಕಿದ ಸರಕ್ಕೆ ರಸೀದಿ ಎಲ್ಲಿಂದ ತರಲಿ, ಮತ್ತೆ ಹೋಗಲಿಲ್ಲ. ಕರಡಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದೊಂದೇ ಜಾಗ. ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಆದರೂ ರಸೀದಿ ಇಲ್ಲದ ಮಾಂಗಲ್ಯ ಸರ ಲೆಕ್ಕದಿಂದ ಹೇಗೆ ಜಾರಿಹೋಗುತ್ತದೆ? ನಿಮ್ಮ ಡಿಸರ್ಟೇಶನ್ ಇದೇ ಆಗಲಿ ಎಂಬುದು ನಮ್ಮ ಬಲವಾದ ಸಲಹೆ: ‘ಎರಡು ಬಡಾವಣೆಗಳಲ್ಲಿ ಸರ ಕಳೆದುಕೊಂಡ ಮಹಿಳೆಯರು ದೂರು ಕೊಡುವ ಅಥವಾ ಕೊಡದಿರುವ ತೀರ್ಮಾನಕ್ಕೆ ಹೇಗೆ ಬಂದರು?’ ಹತ್ತು ಹನ್ನೆರಡು ಜನರೊಂದಿಗೆ ಮುಕ್ಕಾಲು ಗಂಟೆಯ ಸಂದರ್ಶನ ಸಾಕು. ಆದರೆ ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ಐದಾರು ಗಂಟೆ ಬೇಕು. ನಾಲ್ಕು ತಿಂಗಳ ಲೆಕ್ಕದಲ್ಲಿ ಇದನ್ನು ಸೇರಿಸಿಕೊಳ್ಳಿ.

ಸಿದ್ಧಾಂತದ ಅಧ್ಯಾಯದಲ್ಲಿ 1979ರ ಕೋಹೆನ್ ಮತ್ತು ಫೆಲ್ಸನ್ ಅವರ ದಿನಚರಿ ಚಟುವಟಿಕೆ ಸಿದ್ಧಾಂತವನ್ನು ಐದು ಪುಟ ವಿವರಿಸಿ ಅಲ್ಲೇ ಕೈಬಿಟ್ಟಿದ್ದೀರಿ. ಅಪರಾಧಕ್ಕೆ ಮನಸ್ಸು ಮಾಡಿದವನು, ತಕ್ಕ ಗುರಿ, ಕಾಯುವವರಿಲ್ಲದಿರುವುದು, ಈ ಮೂರೂ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿ ಕೂಡಬೇಕೆಂಬುದು ಅದರ ತಿರುಳು. ಮನಸ್ಸು ಮಾಡಿದವನು ಇದ್ದೇ ಇರುತ್ತಾನೆ ಎಂದು ಅದು ಹಿಡಿದುಕೊಳ್ಳುತ್ತದೆ. ಅವನು ಏಕೆ ಹಾಗಾದ ಎಂದು ವಿವರಿಸುವುದಿಲ್ಲ. ನಿರುದ್ಯೋಗದ ವಾದಕ್ಕೆ ಇದನ್ನು ಆಧಾರವಾಗಿ ಕೊಟ್ಟದ್ದು ತಪ್ಪು. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವ ಹೊತ್ತಿಗೆ, ಸಂಜೆ ವಾಕಿಂಗ್ ಹೊತ್ತಿಗೆ, ಜನ ಓಡಾಡದ ಅಡ್ಡರಸ್ತೆಗಳಲ್ಲಿ ಘಟನೆಗಳು ಒಟ್ಟಾಗುತ್ತವೆಯೇ ಎಂದು ನೋಡಿದ್ದರೆ ಸಿದ್ಧಾಂತಕ್ಕೆ ಕೆಲಸ ಕೊಟ್ಟಂತಾಗುತ್ತಿತ್ತು. ಹಾಗೆ ಒಟ್ಟಾಗದಿದ್ದರೆ ಅದನ್ನೂ ಬರೆಯಿರಿ. ನಿರೀಕ್ಷೆ ಸುಳ್ಳಾದದ್ದಕ್ಕೆ ಅಂಕ ಹೋಗುವುದಿಲ್ಲ, ಮುಚ್ಚಿಟ್ಟರೆ ಹೋಗುತ್ತದೆ.

ಜೈಲಿನಲ್ಲಿ ಕೈದಿಗಳನ್ನು ಮಾತನಾಡಿಸುವ ಯೋಜನೆ ಬಿಡಿ. ಅನುಮತಿಗೆ ತಿಂಗಳುಗಳೇ ಹಿಡಿಯಬಹುದು, ಸಿಬ್ಬಂದಿಯ ಎದುರು ಕೊಟ್ಟ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ, ವಿಚಾರಣಾಧೀನ ಕೈದಿ ಹೇಳಿದ್ದನ್ನು ಗುಟ್ಟಾಗಿಡುವ ಕಾನೂನಿನ ರಕ್ಷಣೆ ಸಂಶೋಧಕರಿಗೆ ಇಲ್ಲ. ಬದಲಿಗೆ ಜಿಲ್ಲಾ ನ್ಯಾಯಾಲಯಗಳ ತೀರ್ಪುಗಳು ಇ–ಕೋರ್ಟ್ಸ್ ತಾಣದಲ್ಲಿ ಸಿಗುತ್ತವೆ. ಮೂವತ್ತು ನಲವತ್ತು ತೀರ್ಪು ಓದಿ ಒಂದು ಕೋಷ್ಟಕಕ್ಕಿಳಿಸಿ: ಘಟನೆಯ ಹೊತ್ತು, ಜಾಗ, ಬೈಕ್ ನಂಬರ್ ಕಂಡಿತೇ, ಗುರುತು ಪತ್ತೆ ಪರೇಡ್ ಆಯಿತೇ, ಸರ ಜಪ್ತಿಯಾಯಿತೇ, ಮಹಜರಿನ ಪಂಚರು (ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದವರು) ಕೋರ್ಟಿನಲ್ಲಿ ತಿರುಗಿಬಿದ್ದು ಪ್ರತಿಕೂಲ ಸಾಕ್ಷಿಗಳಾದರೇ, ಕೊನೆಗೆ ಏನಾಯಿತು. ಇವೆಲ್ಲ ಆರೋಪಿ ಸಿಕ್ಕಿಬಿದ್ದ ಪ್ರಕರಣಗಳು ಮಾತ್ರ ಎಂಬ ಮಿತಿಯನ್ನು ಮೊದಲ ಸಾಲಿನಲ್ಲೇ ಹೇಳಿ. ಠಾಣಾವಾರು ತಿಂಗಳ ಅಂಕಿಗೆ ಹತ್ತು ರೂಪಾಯಿ ಶುಲ್ಕದೊಂದಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಈ ವಾರವೇ ಹಾಕಿ. ಉತ್ತರಕ್ಕೆ 30 ದಿನದ ಅವಧಿ ಇದೆ. ಕೇವಲ ಸಂಖ್ಯೆ ಕೇಳಿ. ತನಿಖೆಯ ಕಡತ ಕೇಳಿದರೆ, ತನಿಖೆಗೆ ಅಡ್ಡಿಯಾಗುತ್ತದೆ ಎಂದು ಆ ಕಾಯ್ದೆಯ 8(1)(ಎಚ್) ಕಲಂ ತೋರಿಸಿ ನಿರಾಕರಿಸಬಹುದು.

ಪುಟ 22ರ ಒಂದು ವಾಕ್ಯವನ್ನು ಇಂದೇ ಅಳಿಸಿಬಿಡಿ. ಒಂದು ಸಮುದಾಯದ ಹೆಸರು ಹೇಳಿ ‘ಇವರು ಇಂಥ ಕೃತ್ಯಗಳಲ್ಲಿ ಪಳಗಿದವರು’ ಎಂದು ಪತ್ರಿಕಾ ಪ್ರಕಟಣೆಯಿಂದ ಎತ್ತಿಕೊಂಡಿದ್ದೀರಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿದ್ದೂ ಇದನ್ನೇ: ಹುಟ್ಟಿನಿಂದಲೇ ಕಳ್ಳರೆಂದು ಜನರನ್ನು ಪಟ್ಟಿಮಾಡಿತು. 1952ರಲ್ಲಿ ಅದು ರದ್ದಾದರೂ ಹಣೆಪಟ್ಟಿ ಉಳಿದಿದೆ. ಹಾಗೆ ಪಟ್ಟಿಮಾಡಿದವರನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಒಂದು ಪ್ರದೇಶದ ಹೆಸರೇ ಇಂದಿಗೂ ‘ಸೆಟ್ಲಮೆಂಟ್’. ಕ್ರಿಮಿನಾಲಜಿ ಓದಿದವರ ಕೈಯಿಂದ ಆ ಹಣೆಪಟ್ಟಿ ಮತ್ತೆ ಅಂಟಬಾರದು. ಅನುಬಂಧದಲ್ಲಿರುವ ಹೆಸರು, ಫೋನ್ ನಂಬರ್‌ಗಳನ್ನೂ ತೆಗೆಯಿರಿ. ‘ಮೂರನೇ ಅಡ್ಡರಸ್ತೆಯ ನಿವೃತ್ತ ಶಿಕ್ಷಕಿ’ ಎಂದರೆ ಹೆಸರು ಹೇಳಿದಂತೆಯೇ.

ಪದಗಳ ಹಂಚಿಕೆ: ಪೀಠಿಕೆಗೆ ಸಾವಿರ, ಹಿಂದಿನ ಅಧ್ಯಯನಗಳಿಗೆ ಎರಡು ಸಾವಿರ, ವಿಧಾನಕ್ಕೆ ಒಂದೂವರೆ, ಕಂಡದ್ದಕ್ಕೂ ಅದರ ಚರ್ಚೆಗೂ ನಾಲ್ಕೂವರೆ, ಕೊನೆಗೆ ಒಂದು ಸಾವಿರ. ಈಗ ನಿಮ್ಮ ಅರ್ಧ ಕರಡನ್ನು ‘ಅವರು ಹೀಗೆ ಹೇಳಿದ್ದಾರೆ, ಇವರು ಹೀಗೆ ಹೇಳಿದ್ದಾರೆ’ ನುಂಗಿದೆ. ಸಂಶೋಧಕರು ಎಲ್ಲಿ ಒಬ್ಬರನ್ನೊಬ್ಬರು ಒಪ್ಪುವುದಿಲ್ಲವೋ ಅದರ ಸುತ್ತ ಆ ಅಧ್ಯಾಯ ಕಟ್ಟಿ. ಗಸ್ತು ಹೆಚ್ಚಿಸಬೇಕು, ಯುವಕರಿಗೆ ಉದ್ಯೋಗ ಕೊಡಬೇಕು ಎಂಬ ಶಿಫಾರಸುಗಳು ನಿಮ್ಮ ಮಾಹಿತಿಯಿಂದ ಹೊರಟವಲ್ಲ, ಬಿಟ್ಟುಬಿಡಿ.

ಹೊಸ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ಮೊದಲು ನಿಮ್ಮ ಗೈಡ್‌ಗೆ ತೋರಿಸಿ; ಸಂದರ್ಶನಕ್ಕೆ ಮುಂಚೆ ಗೈಡ್ ಅವರ ಲಿಖಿತ ಒಪ್ಪಿಗೆ ಬೇಕೇಬೇಕು. ಮೊದಲ ಮೂರು ಸಂದರ್ಶನಗಳಾದ ಮೇಲೆ, ಹೆಸರು ಗುರುತು ಅಳಿಸಿದ ಒಂದರ ಬರಹರೂಪವನ್ನು ನಮಗೆ ಕಳಿಸಿ. ಓದಿ ಉತ್ತರಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕ ಬಳಗ