ಗಿಡ್ಡ ಕಾಲಿನ ಚಾಬೋ ಕೋಳಿ

ಪ್ರಶ್ನೆ: ಮಗ ಬೆಂಗಳೂರಿನಿಂದ ಒಂದು ಜೋಡಿ ಜಪಾನೀ ಬ್ಯಾಂಟಮ್ ಕೋಳಿಗಳನ್ನು ತಂದಿದ್ದಾನೆ. ಎರಡರ ಕಾಲೂ ತೀರಾ ಗಿಡ್ಡ. ನಾಟಿ ಹೇಂಟೆಯ ಅಡಿಯಲ್ಲಿ ಕಾವಿಗಿಟ್ಟ ಹನ್ನೆರಡು ಮೊಟ್ಟೆಗಳಲ್ಲಿ ಎಂಟು ಮರಿಯಾದವು. ಅವುಗಳಲ್ಲಿ ಮೂರಕ್ಕೆ ಉದ್ದ ಕಾಲು. ನಮಗೆ ಕಲಬೆರಕೆ ಕೋಳಿ ಕೊಟ್ಟರೇ? ಈ ತಳಿಯ ಮೂಲ ಯಾವುದು?
– ಓದುಗರೊಬ್ಬರು, ಸಾಗರ

ಉತ್ತರ: ಉದ್ದ ಕಾಲಿನ ಮರಿಗಳು ಹುಟ್ಟಿದ ಮಾತ್ರಕ್ಕೆ ತಳಿ ಕಲಬೆರಕೆಯೆಂದು ಹೇಳಲಾಗದು. ಜಪಾನಿನಲ್ಲಿ ಇದರ ಹೆಸರು ಚಾಬೋ. ಇಂದಿನ ವಿಯೆಟ್ನಾಮಿನಲ್ಲಿದ್ದ ಚಂಪಾ ರಾಜ್ಯದಿಂದ ಆ ಹೆಸರು ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಪೂರ್ವಜರು ಹೊರಗಿನಿಂದ ಬಂದಿದ್ದರೂ ಈಗಿನ ರೂಪ ಮೂಡಿದ್ದು ಎಡೋ ಕಾಲದ (1603–1868) ಜಪಾನೀ ಸಾಕಣೆಗಾರರ ಕೈಯಲ್ಲಿ. 1941ರಲ್ಲಿ ಜಪಾನ್ ಇದನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ನೆಟ್ಟಗೆ ನಿಂತು ತಲೆಗಿಂತಲೂ ಮೇಲೇರುವ ಬಾಲ, ದೊಡ್ಡ ಕೆಂಪು ಜುಟ್ಟು, ನೆಲ ಸವರುವ ರೆಕ್ಕೆ ಇದರ ಗುರುತು. ಹುಂಜವೂ ಸುಮಾರು ಮುಕ್ಕಾಲು ಕಿಲೊ ಒಳಗೇ ತೂಗುತ್ತದೆ.

ನಿಮ್ಮ ಪ್ರಶ್ನೆಯ ಉತ್ತರವಿರುವುದು ಆ ಗಿಡ್ಡ ಕಾಲಿನಲ್ಲೇ. ಕಾಲನ್ನು ಗಿಡ್ಡಗೊಳಿಸುವ ವಂಶವಾಹಿ ತಂದೆ ಅಥವಾ ತಾಯಿಯಿಂದ ಒಂದೇ ಪ್ರತಿಯಾಗಿ ಬಂದರೆ ಮರಿ ಚಾಬೋ ಆಗುತ್ತದೆ, ಇಬ್ಬರಿಂದಲೂ ಬಂದರೆ ಭ್ರೂಣ ಚಿಪ್ಪಿನೊಳಗೇ ಸಾಯುತ್ತದೆ, ಎರಡೂ ಕಡೆಯಿಂದ ಬಾರದಿದ್ದರೆ ಕಾಲು ಉದ್ದವಾಗುತ್ತದೆ. ಹೀಗಾಗಿ ಬದುಕಿರುವ ಪ್ರತಿಯೊಂದು ಗಿಡ್ಡ ಕಾಲಿನ ಕೋಳಿಯೂ ಒಂದೇ ಪ್ರತಿಯನ್ನು ಹೊತ್ತಿರುತ್ತದೆ. ಅಂಥ ಎರಡನ್ನು ಜೋಡಿ ಮಾಡಿದಾಗ ಫಲಿತ ಮೊಟ್ಟೆಗಳಲ್ಲಿ ಸರಾಸರಿ ಕಾಲು ಭಾಗ ಸಾಯುತ್ತವೆ, ಅರ್ಧ ಭಾಗ ಗಿಡ್ಡ ಕಾಲಿನವು, ಉಳಿದ ಕಾಲು ಭಾಗ ಉದ್ದ ಕಾಲಿನವು. ನಿಮ್ಮ ಲೆಕ್ಕ ಇದಕ್ಕೆ ಬಹಳ ಹತ್ತಿರವಿದೆ. ಮುಂದಿನ ಸಲ ಕಾವಿಗಿಟ್ಟ ಏಳನೆಯ ದಿನ ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದು ನೋಡಿ. ಬೆಳೆಯುತ್ತಿರುವ ಮೊಟ್ಟೆಯಲ್ಲಿ ರಕ್ತನಾಳಗಳು ಜೇಡರ ಬಲೆಯಂತೆ ಹರಡಿರುತ್ತವೆ. ಬೇಗನೆ ಭ್ರೂಣ ಸತ್ತದ್ದರಲ್ಲಿ ಹೆಚ್ಚಾಗಿ ಕೆಂಪು ಉಂಗುರವೊಂದು ಮಾತ್ರ ಕಾಣುತ್ತದೆ.

ಮಲೆನಾಡಿನ ಮಳೆಯಲ್ಲಿ ಇವುಗಳ ಹೊಟ್ಟೆ ಹಸಿ ಹುಲ್ಲಿಗೆ ತಾಗಿ ನೆನೆಯುವುದರಿಂದ ಗೂಡಿನ ನೆಲದ ಮೇಲೆ ಒಣ ಭತ್ತದ ಹೊಟ್ಟನ್ನು ದಪ್ಪವಾಗಿ ಹರಡಿ. ಉದ್ದ ಕಾಲಿನ ಹೆಣ್ಣು ಮರಿಗಳನ್ನು ದಯವಿಟ್ಟು ಮಾರಬೇಡಿ. ಅವು ದೊಡ್ಡವಾದ ಮೇಲೆ ನೆಂಟಸ್ತಿಕೆಯಿಲ್ಲದ ಗಿಡ್ಡ ಕಾಲಿನ ಹುಂಜದ ಜೊತೆ ಬಿಟ್ಟರೆ ಅರ್ಧದಷ್ಟು ಮರಿಗಳು ಗಿಡ್ಡ ಕಾಲಿನವೇ ಆಗುತ್ತವೆ, ಈ ಕಾರಣಕ್ಕೆ ಒಂದು ಭ್ರೂಣವೂ ಸಾಯುವುದಿಲ್ಲ.