ಓದುಗರ ಪ್ರಶ್ನೆ, ನಮ್ಮ ಉತ್ತರ: ನಗಿಸಿದ ಚಿತ್ರಗಳು

ನಿತ್ಯದ ಬದುಕಿನಲ್ಲಿ ಕಣ್ಣಿಗೆ ಬಿದ್ದ ವಿನೋದದ ಚಿತ್ರಗಳನ್ನು ಕಳುಹಿಸಿಕೊಡಿರೆಂದು ಕೇಳಿದ್ದೆವು. ಓದುಗರು ಚಿತ್ರಗಳ ಜೊತೆಗೆ ಪ್ರಶ್ನೆಗಳನ್ನೂ ಕಳುಹಿಸಿದ್ದಾರೆ. ಮೊದಲು ನಕ್ಕು, ಆಮೇಲೆ ‘ಇದು ಹೀಗಾದದ್ದಾದರೂ ಹೇಗೆ?’ ಎಂದು ಕೇಳಿದವರೇ ಹೆಚ್ಚು. ಉತ್ತರ ಬರೆಯಲು ಕುಳಿತಾಗ ನನಗೊಂದು ವಿಷಯ ಸ್ಪಷ್ಟವಾಯಿತು. ಈ ಚಿತ್ರಗಳಲ್ಲಿ ಹೆಚ್ಚಿನವುಗಳ ಹಿಂದೆ ನಗಿಸಬೇಕೆಂದು ಹೊರಟವರು ಯಾರೂ ಇಲ್ಲ. ಕೇಕಿನ ಮೇಲೆ ಬರೆದವರು, ಫ್ಲೆಕ್ಸ್ ಮುದ್ರಿಸಿದವರು, ಸ್ವಿಚ್‌ಬೋರ್ಡ್ ಕೂಡಿಸಿದವರು ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದಾರೆ. ಯಾರ ಪಾಲಿಗೂ ಬಾರದ ಒಂದು ಸಣ್ಣ ಜಾಗ ಇವರ ಕೆಲಸಗಳ ನಡುವೆ ಉಳಿದುಹೋಗುತ್ತದೆ. ನಗು ಹುಟ್ಟುವುದು ಅಲ್ಲಿ.

ಪ್ರಶ್ನೆ: ನಮ್ಮ ಅಜ್ಜನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಕೇಕು ಮಾಡಲು ಹೇಳಿ, ಬರೆಯಬೇಕಾದ ಮಾತನ್ನು ಚೀಟಿಯಲ್ಲಿ ಕೊಟ್ಟಿದ್ದೆವು. ಪೆಟ್ಟಿಗೆ ತೆರೆದಾಗ ಕೇಕಿನ ಮೇಲೆ ‘ಅಜ್ಜನಿಗೆ ಶುಭಾಶಯಗಳು ಕೆಳಗೆ ಸಣ್ಣದಾಗಿ ಮೊಮ್ಮಕ್ಕಳು ಅಂತ ಬರೆಯಿರಿ’ ಎಂದಿತ್ತು. ಚಿತ್ರ ಲಗತ್ತಿಸಿದ್ದೇನೆ. ಇದು ಅಜಾಗ್ರತೆಯೋ, ಕುಚೋದ್ಯವೋ?
— ಓದುಗರು, ಹಾಸನ

ಉತ್ತರ: ಎರಡೂ ಅಲ್ಲವೆಂದೇ ನನ್ನ ಅನಿಸಿಕೆ. ನಕಲು ಮಾಡುವವನು ಓದುವುದಿಲ್ಲ, ನೋಡುತ್ತಾನೆ. ಕೆನೆಯ ಕೊಳವೆಯನ್ನು ಹಿಡಿದವರ ಗಮನವೆಲ್ಲ ಅಕ್ಷರದ ದುಂಡು ಕೆಡದಂತೆ, ಸಾಲು ಕೇಕಿನ ಅಂಚು ದಾಟದಂತೆ ನೋಡಿಕೊಳ್ಳುವುದರಲ್ಲಿರುತ್ತದೆ. ಚೀಟಿಯಲ್ಲಿ ಬರೆಯಬೇಕಾದ ಮಾತು ಯಾವುದು, ಬರೆಯುವವರಿಗೆ ಹೇಳಿದ ಮಾತು ಯಾವುದು ಎಂದು ಬೇರ್ಪಡಿಸುವ ಗೆರೆಯನ್ನು ನೀವೂ ಎಳೆದಿರಲಿಲ್ಲ. ಚಿತ್ರದಲ್ಲಿ ‘ಸಣ್ಣದಾಗಿ’ ಎಂಬ ಪದವನ್ನು ನಿಜವಾಗಿಯೂ ಸಣ್ಣದಾಗಿ ಬರೆದಿರುವುದು ಕಾಣುತ್ತಿದೆ. ಇಷ್ಟು ವಿಧೇಯತೆಗೆ ಕುಚೋದ್ಯವೆಂದು ಹೆಸರಿಡುವುದು ಅನ್ಯಾಯ.

ಈ ಬಗೆಯ ಪ್ರಕರಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಸ್ವಾನ್‌ಸೀ ನಗರದ್ದು. ಅಲ್ಲಿ ರಸ್ತೆಯ ಫಲಕಗಳು ಇಂಗ್ಲಿಷ್ ಮತ್ತು ವೆಲ್ಷ್ ಎರಡೂ ಭಾಷೆಗಳಲ್ಲಿರಬೇಕು. 2008ರಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲವೆಂದು ಸಾರುವ ಫಲಕಕ್ಕಾಗಿ ಅಧಿಕಾರಿಗಳು ಇಂಗ್ಲಿಷ್ ವಾಕ್ಯವನ್ನು ಅನುವಾದಕರಿಗೆ ಇಮೇಲ್ ಮೂಲಕ ಕಳುಹಿಸಿದರು. ಕೂಡಲೇ ವೆಲ್ಷ್ ಭಾಷೆಯಲ್ಲಿ ಉತ್ತರ ಬಂದಿತು, ಅದನ್ನು ಹಾಗೆಯೇ ದೊಡ್ಡ ಅಕ್ಷರಗಳಲ್ಲಿ ಬರೆಸಿ ರಸ್ತೆಯ ಬದಿಯಲ್ಲಿ ನಿಲ್ಲಿಸಿದರು. ಅದರ ಅರ್ಥ ಹೀಗಿತ್ತು: ‘ನಾನು ಸದ್ಯ ಕಚೇರಿಯಲ್ಲಿಲ್ಲ. ಅನುವಾದವಾಗಬೇಕಾದ ಕೆಲಸವಿದ್ದರೆ ಕಳುಹಿಸಿ.’ ಅನುವಾದಕರು ಊರಿನಲ್ಲಿಲ್ಲದಾಗ ಯಂತ್ರ ತಾನಾಗಿ ಕಳುಹಿಸಿದ ಉತ್ತರವದು. ಕಳುಹಿಸಿದವರು, ಯಂತ್ರ, ಫಲಕ ಬರೆದವರು ಎಲ್ಲರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ನಡುವೆ ವೆಲ್ಷ್ ಓದಬಲ್ಲವರೊಬ್ಬರು ಇರಲಿಲ್ಲ, ಅಷ್ಟೆ.

ನಮ್ಮಲ್ಲಿಯೂ ಇದರ ಸೋದರನಿದ್ದಾನೆ. 2024ರಲ್ಲಿ ಕೊಡಗಿನ ಹೆದ್ದಾರಿಯೊಂದರ ಫಲಕದ ಚಿತ್ರ ದೇಶವೆಲ್ಲ ಸುತ್ತಿತು. ಕನ್ನಡದಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಸರಿಯಾಗಿಯೇ ಇತ್ತು. ಅದರ ಕೆಳಗಿನ ಇಂಗ್ಲಿಷ್ ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಎಂದು, ಅಂದರೆ ತುರ್ತಾಗಿ ಒಂದು ಅಪಘಾತ ಮಾಡಿ ಎಂಬಂತೆ, ಕರೆ ಕೊಡುತ್ತಿತ್ತು. ಒಂದೊಂದು ಪದಕ್ಕೂ ಹತ್ತಿರದ ಇಂಗ್ಲಿಷ್ ಪದವನ್ನು ಇಟ್ಟಿದ್ದಾರೆ, ಪದಗಳು ಮಾತ್ರ ಒಂದರ ಕೈಯನ್ನು ಇನ್ನೊಂದು ಹಿಡಿದಿಲ್ಲ. ಕನ್ನಡದಲ್ಲಿ ‘ಅಪಘಾತಕ್ಕೆ’ ಎಂಬ ಪದದ ಕೊನೆಯ ‘ಕ್ಕೆ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬೇರೊಂದು ಪದ ಬಂದು ಮಾಡಬೇಕು; ಅದನ್ನು ಕರೆಯಲು ಯಾರೂ ಹೋಗಿರಲಿಲ್ಲ.

ಪ್ರಶ್ನೆ: ನಮ್ಮೂರ ಜಾತ್ರೆಯ ಫ್ಲೆಕ್ಸಿನಲ್ಲಿ ‘ಹಾರ್‌ದಿಕ ಸ್‌ವಾಗತ’ ಎಂದು ಅಕ್ಷರಗಳು ಒಡೆದು ಬಂದಿವೆ. ಹಿರಿಯರು ಮುದ್ರಿಸಿದ ಹುಡುಗನಿಗೆ ಕನ್ನಡ ಬರುವುದಿಲ್ಲವೆಂದು ಬೈದರು. ಅವನು ಕಂಪ್ಯೂಟರಿನದೇ ತಪ್ಪೆನ್ನುತ್ತಾನೆ. ಯಾರನ್ನು ನಂಬಬೇಕು?
— ಓದುಗರು, ತುಮಕೂರು

ಉತ್ತರ: ಹುಡುಗನ ಮಾತಿನಲ್ಲಿ ಮುಕ್ಕಾಲು ಸತ್ಯವಿದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ‘ಸ್ವಾ’ ಎಂಬುದು ಒಂದು ಅಕ್ಷರವಾಗಿ ದಾಖಲಾಗುವುದಿಲ್ಲ. ಸಕಾರ, ಅದರ ಸ್ವರವನ್ನು ಕತ್ತರಿಸುವ ಚಿಹ್ನೆ, ವಕಾರ ಮತ್ತು ದೀರ್ಘ ಎಂಬ ನಾಲ್ಕು ಬಿಡಿಗಳಾಗಿ ದಾಖಲಾಗುತ್ತದೆ. ಅವುಗಳನ್ನು ಒಟ್ಟುಗೂಡಿಸಿ, ವಕಾರವನ್ನು ಒತ್ತಾಗಿ ಕೆಳಗೆ ಕೂರಿಸುವುದು ಅಕ್ಷರಶೈಲಿ (ಫಾಂಟ್) ಮತ್ತು ತಂತ್ರಾಂಶ ಇಬ್ಬರೂ ಸೇರಿ ಮಾಡಬೇಕಾದ ಕೆಲಸ. ಚಿತ್ರವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ, ಅದರಲ್ಲಿಯೂ ಹಳೆಯ ಆವೃತ್ತಿಗಳಲ್ಲಿ, ಭಾರತೀಯ ಲಿಪಿಗಳಿಗೆ ಬೇಕಾದ ಈ ಏರ್ಪಾಡು ಇರುವುದಿಲ್ಲ. ಇದ್ದರೂ ಅದನ್ನು ಆರಿಸಿಕೊಳ್ಳದಿದ್ದರೆ ಅದು ಸುಮ್ಮನಿರುತ್ತದೆ. ಆಗ ಮೊಬೈಲಿನಲ್ಲಿ ಸೊಗಸಾಗಿ ಕಾಣುತ್ತಿದ್ದ ಸಾಲನ್ನು ತಂದು ಅಂಟಿಸಿದೊಡನೆ ಒತ್ತಕ್ಷರಗಳೆಲ್ಲ ಬೇರೆ ಮನೆ ಮಾಡುತ್ತವೆ.

ನಿಮ್ಮ ‘ಹಾರ್‌ದಿಕ’ದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕನ್ನಡದಲ್ಲಿ ರೇಫವನ್ನು, ಅಂದರೆ ಸ್ವರವಿಲ್ಲದ ರಕಾರವನ್ನು, ಮೊದಲು ಉಚ್ಚರಿಸಿ, ಅರ್ಕಾವೊತ್ತಾಗಿ ಮುಂದಿನ ಅಕ್ಷರದ ಬಲಕ್ಕೆ ಬರೆಯುತ್ತೇವೆ. ಕಂಪ್ಯೂಟರಿನ ದಾಖಲೆಯಲ್ಲಿ ಮಾತ್ರ ಅದು ಉಚ್ಚಾರದ ಜಾಗದಲ್ಲಿಯೇ, ದಕಾರಕ್ಕೆ ಮೊದಲೇ ಇರುತ್ತದೆ. ಜೋಡಣೆ ತಪ್ಪಿದಾಗ ರೇಫ ಬರಹದ ಸಂಪ್ರದಾಯವನ್ನು ಬಿಟ್ಟು ನಾಲಗೆಯ ಕ್ರಮಕ್ಕೆ ಮರಳಿಬಿಡುತ್ತದೆ.

ಇದಕ್ಕಿಂತ ಹಳೆಯ ಕಾಯಿಲೆ ಮತ್ತೊಂದಿದೆ. ಕನ್ನಡ ಬೆರಳಚ್ಚಿನ ‘ನುಡಿ’ಯಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕೂರಿಸಿದ್ದರು. ಆ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ತಲೆಯ ಮೇಲೆ ಟೋಪಿ, ಕಾಲಿಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಇಂಥದೊಂದು ಸಂತೆಯನ್ನು ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ, ಮೃತರ ಭಾವಚಿತ್ರದ ಕೆಳಗೆ, ನಾನೇ ಕಂಡಿದ್ದೇನೆ. ನಗಬಾರದ ಜಾಗವಾದ್ದರಿಂದ ನಗು ತಡೆಯುವುದು ಹೆಚ್ಚು ಕಷ್ಟವಾಗಿತ್ತು.

ಉಳಿದ ಕಾಲು ಸತ್ಯ ನಿಮ್ಮ ಹಿರಿಯರದು. ಮುದ್ರಣಕ್ಕೆ ಕಳುಹಿಸುವ ಮೊದಲು ಆ ಹುಡುಗ ಪರದೆಯ ಮೇಲಿನ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಬಹುದಿತ್ತು. ಸಮಿತಿಯವರು ಕೂಡ ಓದಬಹುದಿತ್ತು. ಆದರೆ ಸಮಿತಿಯವರು ಫ್ಲೆಕ್ಸಿನಲ್ಲಿ ಮೊದಲು ಹುಡುಕುವುದು ತಮ್ಮ ತಮ್ಮ ಭಾವಚಿತ್ರವನ್ನು.

ಪ್ರಶ್ನೆ: ನಮ್ಮ ಆರು ವರ್ಷದ ಮಗಳಿಗೆ ಗೋಡೆಯ ಪ್ಲಗ್ಗಿನಲ್ಲಿ, ಆಟೊರಿಕ್ಷಾದ ಮುಂಭಾಗದಲ್ಲಿ, ಕೊನೆಗೆ ಕತ್ತರಿಸಿದ ದೊಣ್ಣೆಮೆಣಸಿನಕಾಯಿಯಲ್ಲಿಯೂ ಮುಖಗಳು ಕಾಣುತ್ತವೆ. ಅವಳು ತೋರಿಸಿದ ಪ್ಲಗ್ಗಿನ ಚಿತ್ರ ಕಳುಹಿಸಿದ್ದೇನೆ. ಇದು ಸಹಜವೇ?
— ಓದುಗರು, ಧಾರವಾಡ

ಉತ್ತರ: ಸಂಪೂರ್ಣ ಸಹಜ. ಮುಖವನ್ನು ಗುರುತಿಸುವುದಕ್ಕೆಂದೇ ಮೆದುಳಿನ ಕೆಳಭಾಗದಲ್ಲಿ ಒಂದು ಪ್ರದೇಶವಿದೆ. ಅದು ಆತುರದ ಸ್ವಭಾವದ್ದು: ಮೇಲೆ ಎರಡು ಚುಕ್ಕೆ, ಕೆಳಗೊಂದು ಗೆರೆ ಸಿಕ್ಕರೆ ಸಾಕು, ಮುಖವೆಂದು ತೀರ್ಪು ಕೊಟ್ಟುಬಿಡುತ್ತದೆ. ಪೊದೆಯಲ್ಲಿ ಹುಲಿಯ ಮುಖ ಇಲ್ಲದಿದ್ದಾಗ ಇದೆಯೆಂದು ಹೆದರಿ ಓಡಿದವನಿಗೆ ನಷ್ಟ ಕಡಿಮೆ, ಇದ್ದಾಗ ಇಲ್ಲವೆಂದುಕೊಂಡವನಿಗೆ ಹೆಚ್ಚು. 1976ರಲ್ಲಿ ಅಮೆರಿಕದ ವೈಕಿಂಗ್ 1 ನೌಕೆ ಮಂಗಳ ಗ್ರಹದಿಂದ ಕಳುಹಿಸಿದ ಚಿತ್ರವೊಂದರಲ್ಲಿ ಗುಡ್ಡವೊಂದು ಮನುಷ್ಯನ ಮುಖದಂತೆ ಕಂಡು, ಅದು ಅಲ್ಲಿನವರು ಕಡೆದದ್ದೆಂದು ವಾದಿಸುವವರೂ ಹುಟ್ಟಿಕೊಂಡರು. 2001ರಲ್ಲಿ ಇನ್ನೊಂದು ನೌಕೆ ಅದೇ ಗುಡ್ಡವನ್ನು ಹೆಚ್ಚು ಸ್ಪಷ್ಟವಾಗಿ ಚಿತ್ರಿಸಿದಾಗ ಕಣ್ಣು, ಬಾಯಿ ಎಲ್ಲ ಕಲ್ಲುಮಣ್ಣಿನ ನೆರಳೆಂದು ತಿಳಿಯಿತು.

ಆದರೆ ನಿಮ್ಮ ಮಗಳ ಚಿತ್ರದಲ್ಲಿ ನಾನು ಗಮನಿಸಿದ ವಿಷಯ ಬೇರೆ. ನಮ್ಮ ಮನೆಗಳ ಮೂರು ತೂತಿನ ಪ್ಲಗ್ ಪಾಯಿಂಟಿನಲ್ಲಿ ಅರ್ತಿಂಗಿನ ದಪ್ಪ ತೂತು ಮೇಲಿರುತ್ತದೆ, ಉಳಿದೆರಡು ಕೆಳಗಿರುತ್ತವೆ. ಅರ್ತಿಂಗಿನ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದರಿಂದ ಪ್ಲಗ್ ಚುಚ್ಚುವಾಗ ಅದೇ ಮೊದಲು ಸೇರುತ್ತದೆ, ಕೀಳುವಾಗ ಅದೇ ಕೊನೆಗೆ ಬಿಡುತ್ತದೆ. ಹೀಗಾಗಿ ನಮ್ಮ ಪ್ಲಗ್ಗು ಸಾಮಾನ್ಯವಾಗಿ ಶೀರ್ಷಾಸನ ಹಾಕಿದ ಮುಖವಾಗಿರಬೇಕು. ನಿಮ್ಮ ಚಿತ್ರದಲ್ಲಿ ಎರಡು ಕಣ್ಣು ಮೇಲೆ, ತೆರೆದ ಬಾಯಿ ಕೆಳಗೆ ಇದೆ. ಅಂದರೆ ಎಲೆಕ್ಟ್ರಿಷಿಯನ್ ಅದನ್ನು ತಲೆಕೆಳಗಾಗಿ ಕೂಡಿಸಿದ್ದಾರೆ. ಒಳಗಿನ ವೈರುಗಳು ಅವುಗಳ ಸ್ಥಾನದಲ್ಲಿಯೇ ಇವೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಮಗಳಿಗೆ ಅಭಿನಂದನೆ ತಿಳಿಸಿ. ಅವಳು ಕಂಡುಹಿಡಿದದ್ದನ್ನು ಮನೆಯ ಹಿರಿಯರು ಯಾರೂ ಗಮನಿಸಿರಲಿಲ್ಲ.

ಪ್ರಶ್ನೆ: ಗೋಲಗುಮ್ಮಟದ ಮುಂದೆ ನನ್ನ ತಮ್ಮನನ್ನು ನಿಲ್ಲಿಸಿ, ಗುಮ್ಮಟವನ್ನು ಟೋಪಿಯಂತೆ ಧರಿಸಿದ ಹಾಗೆ ಚಿತ್ರ ತೆಗೆದಿದ್ದೇನೆ. ನಮ್ಮ ತಂದೆಯವರು ಹಳೆಯ ಕ್ಯಾಮೆರಾದಲ್ಲಿ ಇಂಥದನ್ನು ಪ್ರಯತ್ನಿಸಿದಾಗ ಗುಮ್ಮಟ ಮಸುಕಾಗುತ್ತಿತ್ತಂತೆ. ಮೊಬೈಲಿನಲ್ಲಿ ಮಾತ್ರ ಸಾಧ್ಯವಾಗುವುದು ಏಕೆ?
— ಓದುಗರು, ವಿಜಯಪುರ

ಉತ್ತರ: ನಮಗೆ ಎರಡು ಕಣ್ಣುಗಳಿವೆ, ಅವೆರಡೂ ತುಸು ಬೇರೆ ಬೇರೆ ನೋಟವನ್ನು ಕಳುಹಿಸುವುದರಿಂದ ಹತ್ತಿರದ್ದು, ದೂರದ್ದು ತಿಳಿಯುತ್ತದೆ. ಕ್ಯಾಮೆರಾ ಒಕ್ಕಣ್ಣಿನದು. ಅದರ ಪಾಲಿಗೆ ಹತ್ತಿರ ನಿಂತ ನಿಮ್ಮ ತಮ್ಮನ ತಲೆ ಮತ್ತು ದೂರದಲ್ಲಿರುವ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ ಒಂದೇ ಹಾಳೆಯ ಮೇಲಿನ ಎರಡು ಆಕಾರಗಳಷ್ಟೇ. ಇನ್ನು ಮಸುಕಿನ ವಿಚಾರ: ಮೊಬೈಲಿನ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಫಲಕವೂ ಮಸೂರವೂ ತೀರ ಸಣ್ಣವು. ಮಸೂರ ಸಣ್ಣದಾದಷ್ಟೂ ಹತ್ತಿರದ ವಸ್ತು, ದೂರದ ವಸ್ತು ಎರಡೂ ಒಟ್ಟಿಗೆ ಸ್ಪಷ್ಟವಾಗಿ ಮೂಡುತ್ತವೆ. ತಂದೆಯವರ ಕ್ಯಾಮೆರಾದಲ್ಲಿ ಬೆಳಕಿನ ಕಿಂಡಿಯನ್ನು ತೀರ ಕಿರಿದುಗೊಳಿಸಿದ್ದರೆ ಅವರಿಗೂ ಇದು ಸಾಧ್ಯವಾಗುತ್ತಿತ್ತು.

ಮಸೂರವೇ ಇಲ್ಲದ ವಿನೋದದ ಚಿತ್ರವನ್ನು ನೋಡಬೇಕೆಂದಿದ್ದರೆ ಹಂಪಿಗೆ ಹೋಗಿ. ವಿರೂಪಾಕ್ಷ ದೇವಾಲಯದ ಒಳಗೆ, ಕತ್ತಲ ಕೋಣೆಯ ಗೋಡೆಯ ಮೇಲೆ, ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯ ಬೆಳಕು ಕಿಂಡಿ ದಾಟಿ ಕೆಳಕ್ಕೂ, ಬುಡದ ಬೆಳಕು ಮೇಲಕ್ಕೂ ಬೀಳುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಅಗಲವಾದ ದೃಶ್ಯವನ್ನು ತೆಗೆಯುವಾಗ ನಮ್ಮ ನಾಯಿಗೆ ಆರು ಕಾಲು ಬಂದಿವೆ.
— ಓದುಗರು, ಬೆಳಗಾವಿ

ಉತ್ತರ: ಮೊಬೈಲು ಅಗಲದ ಚಿತ್ರವನ್ನು ಪಟ್ಟಿ ಪಟ್ಟಿಯಾಗಿ ತೆಗೆದು ಹೊಲಿಯುತ್ತದೆ. ನೀವು ಕೈ ತಿರುಗಿಸಿದ ದಿಕ್ಕಿಗೇ ನಾಯಿಯೂ ನಡೆದಿರುವುದರಿಂದ ಅದರ ಕಾಲುಗಳು ಎರಡು ಪಟ್ಟಿಗಳಲ್ಲಿ ಸಿಕ್ಕಿವೆ. ಎದುರು ದಿಕ್ಕಿಗೆ ನಡೆದಿದ್ದರೆ ಅದು ಗಿಡ್ಡವಾಗುತ್ತಿತ್ತು.

ಪ್ರಶ್ನೆ: ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆ ಮಲಗಿದ್ದ ಹಳೆಯ ಚಿತ್ರವನ್ನು ಗೆಳೆಯರೊಬ್ಬರು ತೋರಿಸಿದರು. ಅದು ಕಂಪ್ಯೂಟರಿನಲ್ಲಿ ಮಾಡಿದ್ದೇ?
— ಓದುಗರು, ಚಾಮರಾಜನಗರ

ಉತ್ತರ: ಗುಂಡಿ ನಿಜ, ನೀರು ನಿಜ, ಮೊಸಳೆ ಮಾತ್ರ ಫೈಬರಿನದು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಯ ನೀರು ತುಂಬಿದ ಗುಂಡಿಯಲ್ಲಿ ಅದನ್ನು ತಂದಿರಿಸಿದ್ದರು. ನಾನು ಮೇಲೆ ಹೇಳಿದ ಮಾತಿಗೆ ಇದು ಅಪವಾದ, ಏಕೆಂದರೆ ಇಲ್ಲಿ ನಗಿಸಬೇಕೆಂದೇ ಹೊರಟವರಿದ್ದಾರೆ. 2019ರಲ್ಲಿ ಅವರದೇ ಇನ್ನೊಂದು ಕಲ್ಪನೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟವರೊಬ್ಬರು ರಾತ್ರಿಯ ಬೆಳಕಿನಲ್ಲಿ ನಿಧಾನವಾಗಿ ಹೆಜ್ಜೆಯಿಟ್ಟು ಚಂದ್ರನ ಮೇಲೆ ನಡೆಯುವಂತೆ ಕಾಣುತ್ತಾರೆ. ಪಕ್ಕದಲ್ಲಿ ಆಟೊರಿಕ್ಷಾವೊಂದು ಹಾದುಹೋಗುವವರೆಗೆ ಅದು ಬೆಂಗಳೂರಿನ ರಸ್ತೆಯೆಂದು ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ದೃಶ್ಯದ ಜೀವಾಳ ಗಗನಯಾತ್ರಿಯಲ್ಲ, ಆ ಆಟೊ.

ಪ್ರಶ್ನೆ: ಬಸ್ಸಿನಲ್ಲಿ ಬಾಯಿ ತೆರೆದು ನಿದ್ರಿಸುತ್ತಿದ್ದ ಪಕ್ಕದ ಪ್ರಯಾಣಿಕರ ಚಿತ್ರವನ್ನು ಕಳುಹಿಸಿದ್ದೆ. ಪ್ರಕಟವಾಗಲಿಲ್ಲವೇಕೆ?
— ಓದುಗರು, ಉಡುಪಿ

ಉತ್ತರ: ಅವರನ್ನು ಕೇಳದೆ ತೆಗೆದದ್ದೆಂದು ಚಿತ್ರವೇ ಹೇಳುತ್ತದೆ. ಅದೇ ಬಸ್ಸಿನ ಕಿಟಕಿಗೆ ಒರಗಿ ನೀವು ಮಲಗಿದ ಚಿತ್ರವಿದ್ದರೆ ಕಳುಹಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ.

ಪ್ರಶ್ನೆ: ಅಂಗಡಿಯೊಂದರ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡನ್ನೂ, ನಮ್ಮ ಹಳೆಯ ಮನೆಯ ಬಾಗಿಲ ಮೇಲೆ ಮಾಸಿದ ‘ನಾಳೆ ಬಾ’ ಎಂಬ ಬರಹವನ್ನೂ ಒಟ್ಟಿಗೆ ಕಳುಹಿಸಿದ್ದೇನೆ. ಇವೆರಡಕ್ಕೂ ಸಂಬಂಧವಿದೆಯೇ?
— ಓದುಗರು, ಮಂಡ್ಯ

ಉತ್ತರ: ಒಂದೇ ತರ್ಕ. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ಸುದ್ದಿ ಕರ್ನಾಟಕದಲ್ಲಿ ಹಬ್ಬಿದಾಗ ಜನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಅದನ್ನು ಓದಿ ಹಿಂತಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆಂಬ ನಂಬಿಕೆ. ದೆವ್ವಕ್ಕೆ ಕನ್ನಡ ಬರುತ್ತದೆ, ತಾರೀಖು ಲೆಕ್ಕ ಮಾಡಲು ಬಾರದು ಎಂದು ಊರಿಗೆ ಊರೇ ಒಪ್ಪಿಕೊಂಡದ್ದು ನನಗೆ ಈಗಲೂ ಸೋಜಿಗ. ಸಾಲ ಕೇಳಲು ಬರುವವರ ವಿಷಯದಲ್ಲಿ ಅಂಗಡಿಯವರೂ ಅದನ್ನೇ ನಂಬಿದ್ದಾರೆ.

ಪ್ರಶ್ನೆ: ನಮ್ಮ ತೋಟದ ಬೆರ್ಚಪ್ಪನ ಹೆಗಲ ಮೇಲೆ ಮಂಗ ಕುಳಿತು ಬಾಳೆಹಣ್ಣು ತಿನ್ನುತ್ತಿರುವ ಚಿತ್ರ ಇದರೊಂದಿಗಿದೆ. ಮಂಗಗಳು ಯಾವುದಕ್ಕಾದರೂ ಹೆದರುತ್ತವೆಯೇ?
— ಓದುಗರು, ಶಿರಸಿ

ಉತ್ತರ: ಹೆದರುತ್ತವೆ. ಚಿರತೆಯ ಮಾದರಿಯನ್ನು ಕಾಡಿನಲ್ಲಿರಿಸಿ ನೋಡಿದ ಸಂಶೋಧಕರು, ಅದರ ಮೈಯ ಚುಕ್ಕೆಗಳನ್ನು ಕಂಡೊಡನೆ ಮಂಗಗಳು ಎಚ್ಚರಿಕೆಯ ಕೂಗು ಹಾಕಿ ಓಡಿದ್ದನ್ನು ದಾಖಲಿಸಿದ್ದಾರೆ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕೃಷಿಕರೊಬ್ಬರು ಕೂದಲಿಗೆ ಹಚ್ಚುವ ಬಣ್ಣದಿಂದ ತಮ್ಮ ಸಾಕುನಾಯಿಯ ಮೈಮೇಲೆ ಹುಲಿಯ ಪಟ್ಟೆಗಳನ್ನು ಬರೆದು ತೋಟದಲ್ಲಿ ತಿರುಗಾಡಿಸಿದ್ದು ಸುದ್ದಿಯಾಗಿತ್ತು. ಹುಲಿಯ ಬೊಂಬೆಗಳನ್ನು ಇಟ್ಟಾಗ, ಬಿಸಿಲಿಗೆ ಅವುಗಳ ಬಣ್ಣ ಮಾಸುತ್ತಿದ್ದುದರಿಂದ ಅವರು ನಾಯಿಯ ಮೊರೆ ಹೋಗಿದ್ದರು. ನಾಯಿಗೆ ಒಂದು ಅನುಕೂಲವಿದೆ: ಅದು ನಿಂತಲ್ಲಿಯೇ ನಿಲ್ಲುವುದಿಲ್ಲ. ಮಂಗಗಳು ಬೆದರುವುದು ವೇಷಕ್ಕಷ್ಟೇ ಅಲ್ಲ, ಚಲನೆಗೂ ಹೌದು. ಅಲುಗಾಡದ ವಸ್ತುವನ್ನು ಅವು ಕೆಲವೇ ದಿನಗಳಲ್ಲಿ ಪೀಠೋಪಕರಣಗಳ ಪಟ್ಟಿಗೆ ಸೇರಿಸುತ್ತವೆ. ನಿಮ್ಮ ಚಿತ್ರದಲ್ಲಿ ಬೆರ್ಚಪ್ಪನ ಅಂಗಿಯ ಜೇಬಿನಿಂದ ಬಳ್ಳಿಯೊಂದು ಹಬ್ಬಿ ಹೂ ಬಿಟ್ಟಿರುವುದು ಕಾಣುತ್ತಿದೆ. ಆತ ಮಳೆಗಾಲದ ಮೊದಲಿನಿಂದಲೂ ಅಲ್ಲಿಂದ ಕದಲಿಲ್ಲವೆಂಬುದನ್ನು ನಾನೇ ಕಂಡುಹಿಡಿದೆ. ಮಂಗಕ್ಕೆ ಗೊತ್ತಾಗದೆ ಇರುತ್ತದೆಯೇ?